ಸೌಟಣ್ಣನ ನಾಲಗೆ

ಹೆಂಡತಿಗೆ ಅನುಮಾನ ಹುಟ್ಟಿದ್ದು ಗಂಡ ಅವಳ ಅಡುಗೆಯನ್ನು ಹೊಗಳಿದ ದಿನ.

ಮದುವೆಯಾದಾಗಿನಿಂದ ಸೌಟಣ್ಣ ಮನೆಯಲ್ಲಿ ಊಟಕ್ಕೆ ಕುಳಿತರೆ ಇನ್‌ಸ್ಪೆಕ್ಟರು ಶಾಲೆಗೆ ಬಂದು ಕುಳಿತ ಹಾಗಿರುತ್ತಿತ್ತು. ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚುವನು. ಆಗ ಮನೆಯಲ್ಲಿ ಗಡಿಯಾರ ಬಿಟ್ಟರೆ ಇನ್ಯಾರೂ ಸದ್ದು ಮಾಡುವಂತಿರಲಿಲ್ಲ. ಆಮೇಲೆ ತೀರ್ಪು ಹೊರಬೀಳುವುದು: "ಬೇಳೆ ಇನ್ನೊಂದು ಕುದಿ ಕೇಳ್ತಿತ್ತು. ನೀನು ಕಿವಿಗೆ ಹಾಕ್ಕೊಳ್ಳಲಿಲ್ಲ." ಹೆಂಡತಿ ಇಷ್ಟು ವರ್ಷ ಇದನ್ನೆಲ್ಲ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತ ಬಂದಿದ್ದಳು. ಅಂಥವನು ಒಂದು ಸಂಜೆ ತಟ್ಟೆ ಖಾಲಿ ಮಾಡಿ, "ಚೆನ್ನಾಗಿತ್ತು ಕಣೇ" ಎಂದುಬಿಟ್ಟ. ಅವಳು ಕೈಯಲ್ಲಿದ್ದ ಲೋಟ ಕೆಳಗಿಟ್ಟು ಅವನನ್ನೇ ನೋಡಿದಳು.

ಮರುದಿನ ಬೇಳೆಗೆ ಉಪ್ಪೇ ಹಾಕಲಿಲ್ಲ. "ಅಮೃತ," ಎಂದ. ಅದರ ಮರುದಿನ ಉಪ್ಪಿನ ಡಬ್ಬಿಯನ್ನೇ ಬೋರಲು ಹಾಕಿದಳು. "ಇದು ನೋಡು ಹದ ಅಂದ್ರೆ," ಎಂದು ಇನ್ನೊಂದು ಸಲ ಬಡಿಸಿಕೊಂಡ.

"ಯಾರವಳು?" ಎಂದಳು ಹೆಂಡತಿ.

"ಯಾರು ಯಾರವಳು?"

"ಗಂಡಸರು ಮನೆ ಊಟ ಹೊಗಳೋದಕ್ಕೆ ಎರಡೇ ಕಾರಣ ಕಣ್ರೀ. ಒಂದು ಹೊರಗೆ ಏನೋ ಕಿತಾಪತಿ ಮಾಡಿರಬೇಕು, ಇಲ್ಲಾ ಜ್ವರ ಬಂದಿರಬೇಕು."

"ಜ್ವರ ಬಂದು ಹೋಯ್ತಲ್ಲ, ಆವಾಗ್ಲೇ."

"ಅದು ಹೋಗ್ತಾ ಜೊತೆಗೆ ಏನು ತಗೊಂಡು ಹೋಯ್ತು, ಅದನ್ನ ಹೇಳಿ."

ಸೌಟಣ್ಣ ಬಾಗಿಲ ಕಡೆ ನೋಡಿದ. ಕಿಟಕಿಯ ಕಡೆ ನೋಡಿದ. ಪಕ್ಕದ ಮನೆಯ ಬೆಕ್ಕು ಕೂಡ ಹತ್ತಿರದಲ್ಲಿಲ್ಲ ಎಂದು ಖಾತ್ರಿಯಾದ ಮೇಲೆ, ಯಾರನ್ನೋ ಕೊಂದು ಬಂದವನ ದನಿಯಲ್ಲಿ, "ನಾಲಗೆ," ಎಂದ. "ನಾಲಗೆ ಸತ್ತುಹೋಗಿದೆ ಕಣೇ. ಸಕ್ಕರೆಗೂ ಸುಣ್ಣಕ್ಕೂ ವ್ಯತ್ಯಾಸ ಗೊತ್ತಾಗ್ತಿಲ್ಲ. ಮೂಗೂ ಅಷ್ಟೆ. ಯಾರಿಗೂ ಹೇಳಬೇಡ."

ಅವಳಿಗೆ ಮೊದಲು ನಗು ಬಂತು, ಯಾರವಳೂ ಇಲ್ಲ ಎಂದು. ಆಮೇಲೆ ಅವನ ಮುಖ ನೋಡಿ ನಗು ಅಲ್ಲೇ ನಿಂತಿತು.

ಇದೇಕೆ ಇಷ್ಟು ದೊಡ್ಡ ಗುಟ್ಟು ಎಂದು ಕೇಳುವವರಿಗೆ ಸೌಟಣ್ಣ ಯಾರೆಂದು ಹೇಳಬೇಕು. ಸೌಟಣ್ಣ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ಆ ಹೆಸರು ಎಲ್ಲೋ ಇದೆ, ಕೇಳಿದರೆ ಒಂದು ಕ್ಷಣ ಯೋಚಿಸಿ ಹೇಳುತ್ತಾನೆ. ಈ ಹೆಸರು ಶಾಲೆಯ ಮಕ್ಕಳು ಕೊಟ್ಟದ್ದು. ಶಾಲೆಯ ಹಿಂಭಾಗದಲ್ಲಿ, ಆಟದ ಬಯಲಿಗೂ ನೀರಿನ ಟ್ಯಾಂಕಿಗೂ ನಡುವೆ, ತಗಡಿನ ಮಾಡಿನ ಉದ್ದನೆಯ ಅಡುಗೆಮನೆ. ಅಲ್ಲಿ ಎರಡು ದೊಡ್ಡ ಒಲೆ, ಸ್ನಾನ ಮಾಡಬಹುದಾದಷ್ಟು ದೊಡ್ಡ ಪಾತ್ರೆಗಳು, ಗೋಡೆಗೆ ನೇತುಹಾಕಿದ ಒಂದು ಸೌಟು. ಆ ಸೌಟಿನ ಹಿಡಿ ಸೌಟಣ್ಣನ ತೋಳಿಗಿಂತ ಉದ್ದ. ಅದನ್ನು ಹಿಡಿದು ನಿಂತವನನ್ನು ದೂರದಿಂದ ನೋಡಿದರೆ ದೋಣಿ ನಡೆಸುವವನೊಬ್ಬ ನೀರು ಕಾಣದೆ ಅಡುಗೆಮನೆಗೆ ನುಗ್ಗಿದ ಹಾಗೆ ಕಾಣುತ್ತಿತ್ತು.

ಶಾಲೆಯಲ್ಲಿ ಊಟ ಕೊಡುವ ಪದ್ಧತಿ ಶುರುವಾಗುವ ಮೊದಲು ಮಧ್ಯಾಹ್ನದ ಮೇಲೆ ಲೆಕ್ಕದ ಪಾಠವಿಟ್ಟರೆ ಅರ್ಧ ತರಗತಿ ನಿದ್ದೆಯಲ್ಲಿ, ಇನ್ನರ್ಧ ಕಿಟಕಿಯಾಚೆ. ಹೊಟ್ಟೆ ತಾಳ ಹಾಕುತ್ತಿರುವಾಗ ತಲೆಯೊಳಗೆ ಗುಣಾಕಾರ ಇಳಿಯುವುದಾದರೂ ಹೇಗೆ? ಮುಖ್ಯೋಪಾಧ್ಯಾಯಿನಿ, ಎಲ್ಲರ ಬಾಯಲ್ಲಿ 'ದೊಡ್ಡ ಟೀಚರ್', ಶಾಲೆಯ ಕಮಿಟಿಯವರ ಬೆನ್ನು ಹತ್ತಿ ಅಡುಗೆಮನೆ ಮಾಡಿಸಿದರು. ಅಷ್ಟಕ್ಕೇ ಬಿಡಲಿಲ್ಲ. ತರಕಾರಿಯನ್ನು ಮಂಡಿಯಿಂದ ತರುವುದು ಬೇಡ, ಊರಂಚಿನ ಚಿಕ್ಕಪುಟ್ಟ ಬೆಳೆಗಾರರಿಂದಲೇ ಕೊಳ್ಳೋಣ ಎಂದರು. ಆ ಬೆಳೆಗಾರರ ತುಂಡು ಹೊಲಗಳೋ, ಚಾಪೆ ಹಾಸಿ ಮಲಗಿದರೆ ಕಾಲು ಪಕ್ಕದವರ ಹೊಲಕ್ಕೆ ಹೋಗುವಂಥವು. ಮಂಡಿಯಲ್ಲಿ ಅವರ ಬುಟ್ಟಿಯನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ಈಗ ಅವರು ಶಾಲೆಯ ವಾರ ನೋಡಿಕೊಂಡು ಬಿತ್ತುತ್ತಾರೆ. ಈ ವಾರ ಒಬ್ಬರ ಸೊಪ್ಪು, ಮುಂದಿನ ವಾರ ಇನ್ನೊಬ್ಬರ ಕುಂಬಳ. ಅವರ ಮಕ್ಕಳು ಮೊಮ್ಮಕ್ಕಳು ಕೂತು ಉಣ್ಣುವುದೂ ಅದೇ ಸಾಲಿನಲ್ಲಿ. "ನಮ್ಮನೆ ಬೀನ್ಸು ಕಣೋ, ಬಿಟ್ಟರೆ ನೋಡು!" ಎಂದು ಪಕ್ಕದವನ ತಟ್ಟೆಗೆ ಕಾವಲು ಕೂರುವ ಹುಡುಗಿಯರಿದ್ದರು. ತಟ್ಟೆಯಲ್ಲಿ ಒಂದು ಹೋಳೂ ಬಿಡಬಾರದು ಎಂಬುದು ದೊಡ್ಡ ಟೀಚರ ಕಾನೂನು. ಮಕ್ಕಳು ಅದನ್ನು ಎಷ್ಟು ಪಾಲಿಸುತ್ತಿದ್ದರೆಂದರೆ, ಕಲ್ಲು ಬೇಯಿಸಿ ಹಾಕಿದರೂ ಕಣ್ಣು ಮುಚ್ಚಿ ನುಂಗಿ ತಟ್ಟೆ ತೋರಿಸುತ್ತಿದ್ದರು.

ಹೀಗಿರುವಲ್ಲಿ ಎಲ್ಲದರ ಹೆಬ್ಬಾಗಿಲು ಸೌಟಣ್ಣನ ನಾಲಗೆ. ಅದರ ಕೀರ್ತಿ ಅಷ್ಟಿಷ್ಟಲ್ಲ. ಸೊಪ್ಪು ಬಾಯಿಗಿಟ್ಟರೆ ಯಾವ ಹೊಲದ್ದು, ಯಾವ ಬಾವಿಯ ನೀರು ಕುಡಿದದ್ದು ಎಂದು ಹೇಳುತ್ತಾನೆ ಎನ್ನುತ್ತಿದ್ದರು. ನಿಜವಾಗಿ ನೋಡಿದರೆ ತಂದವರು ಎದುರಿಗೇ ನಿಂತಿರುತ್ತಿದ್ದರು, ಹೇಳುವುದೇನು ಮಹಾ. ಆದರೆ ನಾಲ್ಕು ಜನ ಹೊಗಳಿದ್ದನ್ನು ಇಲ್ಲವೆನ್ನುವ ಧೈರ್ಯ ಎಷ್ಟು ಜನಕ್ಕಿದೆ? ಇದನ್ನು ಬರೆಯುತ್ತಿರುವವನಿಗಂತೂ ಇಲ್ಲ. ಸೌಟಣ್ಣ ಮೊದಮೊದಲು ಸುಮ್ಮನಿದ್ದ, ಆಮೇಲೆ ತಲೆಯಾಡಿಸಿದ, ಕಡೆಗೆ ತಾನೇ ನಂಬಿದ.

ಅದರಲ್ಲೂ ಸೋರೆಕಾಯಿಯ ವಾರ ಬಂತೆಂದರೆ ಅವನ ದರ್ಬಾರು. ಸೋರೆಕಾಯಿ ಸಾಧು ಕಾಯಿ. ಆದರೆ ಲಕ್ಷಕ್ಕೊಂದು ಕಹಿಯಾಗಿ ಹುಟ್ಟಿಬಿಡುತ್ತದೆ, ಮೈ ನೋಡಿ ಕಂಡುಹಿಡಿಯುವಂತಿಲ್ಲ. ತಿಂದರೆ ಹೊಟ್ಟೆ ತೊಳಸಿ ವಾಂತಿಯಾಗಿ ಆಸ್ಪತ್ರೆ ಸೇರಬೇಕಾಗುತ್ತದೆ, ಎಳೆ ಮಕ್ಕಳಾದರೆ ಇನ್ನೂ ಕಷ್ಟ. ಅದಕ್ಕೇ ಪ್ರತಿ ಕಾಯಿಯ ತುದಿ ಕೊಯ್ದು ನಾಲಗೆಗೆ ಮುಟ್ಟಿಸಿ ನೋಡಿಯೇ ಪಾತ್ರೆಗೆ ಹಾಕಬೇಕು. ಅಡುಗೆಮನೆಯವರು ಇದನ್ನು 'ತುದಿ ಮುಟ್ಟಿಸೋದು' ಎನ್ನುತ್ತಿದ್ದರು. ತಂದವರು ಸಾಲಾಗಿ ನಿಲ್ಲುವರು. ಸೌಟಣ್ಣ ತುದಿಯನ್ನು ನಾಲಗೆಗಿಟ್ಟು ಕಣ್ಣು ಮುಚ್ಚುವನು. ಅಷ್ಟು ಹೊತ್ತು ಅವರಿಗೆ ಉಸಿರಿಲ್ಲ. ಕಣ್ಣು ತೆರೆದು "ಭೇಷ್!" ಎಂದರೆ ಬದುಕಿಕೊಂಡರು.

ಈಗ ಆ ಹೆಬ್ಬಾಗಿಲಿನ ಬೀಗವೇ ಕೆಟ್ಟು ಕೂತಿತ್ತು.

"ದೊಡ್ಡ ಟೀಚರಿಗೆ ಹೇಳಿಬಿಡಿ," ಎಂದಳು ಹೆಂಡತಿ. "ಡಾಕ್ಟ್ರು ರುಚಿ ವಾಪಸ್ ಬರುತ್ತೆ ಅಂದಿದ್ದಾರಲ್ಲ."

"ಯಾವಾಗ ಬರುತ್ತೆ ಅಂದ್ರೆ, ನಾಲಗೆಗೆ ಟೈಂಟೇಬಲ್ ಇಲ್ಲ ಅಂದ್ರು. ಅಲ್ಲೀವರೆಗೆ? ಆ ವ್ಯಾನಿನವರು ಬಾಗಿಲಲ್ಲೇ ಕಾಯ್ತಿದ್ದಾರೆ ಕಣೇ."

ವ್ಯಾನಿನವರೆಂದರೆ ದೂರದ ಯಾವುದೋ ದೊಡ್ಡ ಅಡುಗೆಮನೆಯವರು. ಊಟವನ್ನು ಮುಚ್ಚಿದ ಡಬ್ಬಿಯಲ್ಲಿ ತುಂಬಿ ಗಾಡಿಯಲ್ಲಿ ಕಳಿಸುತ್ತೇವೆ, ನಿಮಗೇಕೆ ಒಲೆ ಹೊಗೆ ರಗಳೆ ಎಂದು ಕಮಿಟಿಗೆ ಹೇಳಿಹೋಗಿದ್ದರು. ಕಮಿಟಿಯಲ್ಲಿ ಒಂದಿಬ್ಬರು ಆ ಕಡೆ ವಾಲಿಯೂ ಇದ್ದರು. ಅಡುಗೆಯವನಿಗೆ ನಾಲಗೆಯಿಲ್ಲ ಎಂದು ಗೊತ್ತಾದರೆ ಮುಗಿಯಿತು. ಒಲೆ ಆರುತ್ತದೆ. ಒಲೆ ಆರಿದರೆ ಸೌಟಣ್ಣ ಮನೆಗೆ, ಅವನ ಬೆನ್ನಿಗೇ ಬೆಳೆಗಾರರು ಮತ್ತೆ ಮಂಡಿಯ ಮುಂದೆ ಬುಟ್ಟಿ ಹಿಡಿದು. ಸುಮ್ಮನಿದ್ದರೋ, ಒಂದು ದಿನ ಏನೋ ಒಂದು ಮಕ್ಕಳ ತಟ್ಟೆಗೆ ಹೋಗುತ್ತದೆ. ಸೌಟಣ್ಣನಿಗೆ ಅತ್ತ ದರಿ ಇತ್ತ ಪುಲಿ. ರಾತ್ರಿ ಮಗ್ಗುಲು ಬದಲಿಸುವ ರಭಸಕ್ಕೆ ಮಂಚದ ಕಾಲು ಸಡಿಲವಾಯಿತು.

ಅಷ್ಟರಲ್ಲಿ ಅವನಿಗೊಂದು ಉಪಾಯ ಹೊಳೆದಿತ್ತು. ಅಡುಗೆಮನೆಯಲ್ಲಿ ಹೆಚ್ಚುವುದಕ್ಕೆ, ತೊಳೆಯುವುದಕ್ಕೆ ಇದ್ದವಳು ಅವನ ನಾದಿನಿ, ಹೆಂಡತಿಯ ತಂಗಿ. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಒಂದು ದಿನ ಸೌಟಿನ ತುದಿಯಲ್ಲಿ ಬೇಳೆ ಎತ್ತಿ ಅವಳ ಮುಂದೆ ಹಿಡಿದು, ಗುರುವಿನ ಗತ್ತಿನಲ್ಲಿ, "ಎಲ್ಲಿ, ನಿನ್ನ ನಾಲಗೆ ಎಷ್ಟು ಪಳಗಿದೆ ನೋಡೋಣ. ಉಪ್ಪು ಹೇಗಿದೆ ಹೇಳು," ಎಂದ.

ಅವಳು ಅಂಗೈಗೆ ಬಿಟ್ಟುಕೊಂಡು ನೆಕ್ಕಿ, ಹೆದರುತ್ತ, "ಒಂಚೂರು ಕಮ್ಮಿ ಅಂತೀನಿ ಭಾವ," ಎಂದಳು.

"ಶಹಬ್ಬಾಸ್! ನಾನೂ ಅದೇ ಅಂದ್ಕೊಂಡಿದ್ದೆ," ಎಂದು ಉಪ್ಪು ಹಾಕಿದ.

ಅಂದಿನಿಂದ ದಿನವೂ ಪರೀಕ್ಷೆ. ದಿನವೂ ಅವಳು ಪಾಸು. ಗುರುವಿನ ಉತ್ತರಕ್ಕೂ ಶಿಷ್ಯೆಯ ಉತ್ತರಕ್ಕೂ ಒಂದು ಕೂದಲೆಳೆ ವ್ಯತ್ಯಾಸವಿರುತ್ತಿರಲಿಲ್ಲ, ಇರುವುದಾದರೂ ಹೇಗೆ, ಗುರು ನಕಲು ಹೊಡೆಯುತ್ತಿದ್ದ. ನಾದಿನಿ ನೆಲದ ಮೇಲೆ ನಡೆಯುವುದನ್ನೇ ಬಿಟ್ಟಳು. ಅಕ್ಕನ ಮನೆಗೆ ಬಂದು, "ಭಾವಂದೂ ನಂದೂ ಒಂದೇ ನಾಲಗೆ ಅಕ್ಕಾ! ಒಂದು ದಿನ ತಪ್ಪಿಲ್ಲ!" ಎಂದಾಗ ಅಕ್ಕ ಗಂಡನ ಮುಖ ನೋಡಿದಳು. ಗಂಡ ಸೂರು ನೋಡಿದ.

ಅವಳು ಹೋದ ಮೇಲೆ ಹೆಂಡತಿ ಹೇಳಿದಳು: "ಪಾಪದ ಹುಡುಗಿ. ನೀವು ಅವಳ ನಾಲಗೆ ಮೇಲೆ ನಿಂತಿದ್ದೀರಿ, ಅವಳು ನಿಮ್ಮ ಹೆಸರಿನ ಮೇಲೆ ನಿಂತಿದ್ದಾಳೆ. ನೆಲದ ಮೇಲೆ ಯಾರಿದ್ದಾರ್ರೀ?"

ಸೌಟಣ್ಣನಿಗೆ ಈ ಮಾತು ಅರ್ಥವಾಗಲಿಲ್ಲ ಎಂದು ಹೇಳಲಾರೆ. ಅರ್ಥವಾಯಿತು, ಅದಕ್ಕೇ ದೀಪ ಆರಿಸಿ ಗೋಡೆಗೆ ಮುಖಮಾಡಿ ಮಲಗಿದ.

ಆಮೇಲೆ ಬಂದದ್ದು ಸೋರೆಕಾಯಿ ವಾರ.

ಆ ವಾರ ಚಪ್ಪರದಜ್ಜಿಯ ಸರದಿ. ಊರಂಚಿನಲ್ಲಿ ಅವಳ ಜಾಗವೆಲ್ಲ ಸೇರಿ ಒಂದು ಚಪ್ಪರ, ಅದರ ಕೆಳಗೊಂದು ಮನೆ. ಸೋರೆಬಳ್ಳಿ ಮನೆಯ ಮೇಲೂ ಹತ್ತಿ, ಮನೆ ಯಾವುದು ಚಪ್ಪರ ಯಾವುದು ಎಂದು ಬಂದವರು ಹುಡುಕಬೇಕು. ಶಾಲೆ ಕೊಳ್ಳುತ್ತದೆಂದೇ ಅವಳು ಬೇರೆಲ್ಲ ಬಿಟ್ಟು ಸೋರೆ ಹಬ್ಬಿಸಿದ್ದಳು. ಮೂಟೆ ಹೊತ್ತ ಗಾಡಿಯ ಹಿಂದೆ ತಾನೇ ನಡೆದುಬಂದು, ಕಾಯಿಗಳನ್ನು ಒಂದೊಂದಾಗಿ, ಎಳೆಗೂಸನ್ನು ಮಲಗಿಸುವಂತೆ ಜಗಲಿಯ ಮೇಲೆ ಇಟ್ಟಳು.

ಸೌಟಣ್ಣ ಆ ಬೆಳಿಗ್ಗೆ ಎದ್ದಾಗಿನಿಂದ ನಾಲಗೆಯನ್ನು ಉಜ್ಜಿದ್ದ, ಕೆರೆದಿದ್ದ, ಮೆಣಸು ಅಗಿದಿದ್ದ. ಬಾಯಿ ಬಿಸಿಯಾಯಿತೇ ಹೊರತು ರುಚಿ ಎನ್ನುವುದು ಊರು ಬಿಟ್ಟು ಹೋದ ನೆಂಟನಂತೆ ಸುದ್ದಿಯೇ ಇಲ್ಲ. ಅವನ ಯೋಜನೆ ಸರಳವಾಗಿತ್ತು. ನಾದಿನಿಯ ಕೈಗೆ ಮೊದಲು ತುದಿ ಕೊಡುವುದು, ಅವಳ ಮುಖ ನೋಡಿ ತೀರ್ಪು ಹೇಳುವುದು.

"ತಗೋಮ್ಮ, ಇವತ್ತು ನೀನೇ ಶುರು ಮಾಡು," ಎಂದ.

"ಅದೆಲ್ಲ ಆಗಲ್ಲಪ್ಪ!" ಎಂದಳು ಚಪ್ಪರದಜ್ಜಿ. "ನನ್ನ ಕಾಯಿಗೆ ಮೊದಲು ನಿನ್ನ ನಾಲಗೇನೇ ಆಗಬೇಕು. ಅದಕ್ಕೇ ಅಲ್ವಾ ನಾನು ಇಷ್ಟು ದೂರ ಕಾಲೆಳೆದುಕೊಂಡು ಬಂದಿದ್ದು? ಅವಳು ಮುಟ್ಟಿಸಲಿ, ಬೇಡ ಅನ್ನಲ್ಲ. ನಿನ್ನ ಹಿಂದೆ."

"ಹೌದು ಭಾವ, ನೀವಿದ್ದು ನಾನು ಮೊದಲು ಹೇಗೆ?" ಎಂದಳು ನಾದಿನಿಯೂ, ವಿನಯದಿಂದ. ಆ ವಿನಯ ಅವಳಲ್ಲಿ ಅವನು ಕಂಡದ್ದು ಅದೇ ಮೊದಲು, ಅದೂ ಈ ಗಳಿಗೆಯಲ್ಲಿ.

ಬೇರೆ ದಾರಿಯಿರಲಿಲ್ಲ. ಸೌಟಣ್ಣ ತುದಿ ನಾಲಗೆಗಿಟ್ಟ. ತಣ್ಣಗೆ, ಒದ್ದೆಯಾಗಿ ಏನೋ ಮುಟ್ಟಿತು. ಬಟ್ಟೆ ನೆಕ್ಕಿದ್ದರೂ ಅಷ್ಟೆ. ಕಣ್ಣು ಮುಚ್ಚಿದ, ತೆರೆದ, "ಭೇಷ್!" ಎಂದ. ಅದೇ ಹೋಳನ್ನು ನಾದಿನಿಗೆ ಕೊಟ್ಟು ಓರೆಗಣ್ಣಿನಲ್ಲಿ ಅವಳ ಮುಖಕ್ಕೆ ಜೋತುಬಿದ್ದ. ಅವಳು ಮುಖ ಕಿವುಚಿದರೆ, "ಹಾಂ! ನೀನು ಕಂಡುಹಿಡೀತೀಯೋ ಇಲ್ವೋ ಅಂತ ನೋಡ್ತಿದ್ದೆ," ಎನ್ನಬೇಕೆಂದು ಮಾತನ್ನು ಬಾಯಲ್ಲೇ ಇಟ್ಟುಕೊಂಡಿದ್ದ. ಅವಳು ಕಿವುಚಲಿಲ್ಲ. ಎರಡನೆಯದೂ ಹಾಗೇ, ಮೂರನೆಯದೂ.  ಮಧ್ಯೆ ಒಂದು ಕಾಯಿಗೆ ಅವಳು ರೆಪ್ಪೆ ಬಡಿದಳು ಅನ್ನಿಸಿತು. ಆದರೆ ಒಲೆಯ ಹೊಗೆ ಆ ಕಡೆಗೇ ತಿರುಗಿತ್ತು. ಅವಳು ನಕ್ಕು, "ಭೇಷ್ ಭಾವ," ಎಂದಳು.

ಚಪ್ಪರದಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು, ನೀರಿನ ಟ್ಯಾಂಕಿನ ನೆರಳಿನಲ್ಲಿ ಕಾಲು ಚಾಚಿ ಕುಳಿತಳು. ತನ್ನ ಕಾಯಿಯನ್ನು ಮಕ್ಕಳು ಉಣ್ಣುವುದನ್ನು ನೋಡಿಯೇ ಹೋಗುವುದು ಅವಳ ರೂಢಿ.

ಕಾಯಿ ಹೆಚ್ಚಿದ್ದಾಯಿತು, ಬೇಳೆಯ ಜೊತೆ ಬೇಯಲು ಹಾಕಿದ್ದಾಯಿತು. ಸೌಟಣ್ಣನ ಬಾಯಿಗೆ ಹಾಡೊಂದು ಬಂತು, ಗುನುಗಿದ. ಒಂದು ಪಾತ್ರೆಯಲ್ಲಿ ಅನ್ನ ಅರಳಿತು, ಇನ್ನೊಂದರಲ್ಲಿ ತರಕಾರಿ ಕುದಿಯಿತು. ಅವನು ಎಂದಿನಂತೆ ಸೌಟು ಹಿಡಿದು, "ಎಲ್ಲಿ, ಬಾಮ್ಮ, ಪರೀಕ್ಷೆ," ಎಂದ.

"ಇವತ್ತು ಬೇಡ ಭಾವ," ಎಂದಳು ನಾದಿನಿ ಬೆನ್ನು ತಿರುಗಿಸಿ. "ಹೊಟ್ಟೆ ಒಂಥರಾ ಇದೆ."

ಗುನುಗು ನಿಂತಿತು. ಸೌಟು ಹಿಡಿದರೆ ಓಡಿಬರುತ್ತಿದ್ದವಳು. ಅವನು ನೋಡಿದ. ಅವಳು ನಲ್ಲಿಯ ಹತ್ತಿರ ಹೋಗಿ ಬಾಯಿ ಮುಕ್ಕಳಿಸಿದಳು. ಬಂದು ಪಾತ್ರೆ ಉಜ್ಜಿದಳು. ಮತ್ತೆ ಹೋಗಿ ಮುಕ್ಕಳಿಸಿದಳು. ಡಬ್ಬಿಯಿಂದ ಬೆಲ್ಲದ ಚೂರೊಂದನ್ನು ಕದ್ದು ಬಾಯಿಗೆ ಹಾಕಿಕೊಂಡಳು.

"ಯಾಕಮ್ಮ, ಬಾಯಿ ಅಷ್ಟು ತೊಳೀತಿದ್ದೀಯ?"

"ಏನಿಲ್ಲ."

"ಏನಿಲ್ಲದೆ ಬೆಲ್ಲ ಯಾಕೆ?"

"ಒಂದು ಚೂರು ಬೆಲ್ಲಕ್ಕೂ ಲೆಕ್ಕ ಕೇಳ್ತೀರಾ ಭಾವ?" ಎಂದು ಗದರಲು ಹೋದವಳ ಕಣ್ಣಲ್ಲಿ ನೀರು ತುಂಬಿತು. "ನನ್ನ ನಾಲಗೇಲಿ ಏನೋ ದೋಷ ಇದೆ. ಇಷ್ಟು ದಿನ ನಿಮ್ಮ ಹಾಗೇ ಇತ್ತು. ಇವತ್ತು ನೀವು ಭೇಷ್ ಅಂದ ಕಾಯಿ ನನಗೆ ಕಹಿ ಅನ್ನಿಸ್ತು. ಅಂಥಿಂಥ ಕಹಿ ಅಲ್ಲ, ಇನ್ನೂ ಗಂಟಲಲ್ಲೇ ಕೂತಿದೆ. ನೀವು ತಪ್ಪಲ್ಲ ಅಂತ ಗೊತ್ತು. ಅದಕ್ಕೇ ಬಾಯಿ ಬಿಡಲಿಲ್ಲ."

ಹೊರಗೆ ಮಕ್ಕಳು ಕೈ ತೊಳೆಯುವ ಸದ್ದು ಕೇಳಿತು. ಕಿರಿಯ ತರಗತಿಯವರನ್ನು ಮೊದಲು ಬಿಡುತ್ತಾರೆ. ಅವರ ತಟ್ಟೆಗಳ ಠಣಠಣ ಅಂಗಳ ದಾಟಿ ಬರುತ್ತಿತ್ತು.

ಸೌಟಣ್ಣ ಸೌಟಿನಲ್ಲಿದ್ದುದನ್ನು ಊದಿ ಬಾಯಿಗೆ ಹಾಕಿಕೊಂಡ. ಬಿಸಿ. ಇನ್ನೊಂದು ಸಲ. ಬಿಸಿ. ದೇವರೇ, ಒಂದೇ ಒಂದು ಸಲ, ಕಹಿಯನ್ನಾದರೂ ಕೊಡು ಎಂದು ಬೇಡಿಕೊಂಡ. ಸಿಹಿ ಬೇಡಿದವರನ್ನು ಕಂಡಿದ್ದೇವೆ, ಕಹಿಗೆ ಅಂಗಲಾಚಿದವನು ಅವನೊಬ್ಬನೇ ಇರಬೇಕು. ಏನೂ ಬರಲಿಲ್ಲ.

ಅವನೊಳಗೊಬ್ಬ ವಕೀಲ ಎದ್ದು ನಿಂತ. ಅವಳು ಹೊಸಬಳು, ಅವಳ ನಾಲಗೆ ತಪ್ಪಿರಬಹುದು. ಇದ್ದರೂ ಒಂದು ಕಾಯಿ, ಇಷ್ಟು ದೊಡ್ಡ ಪಾತ್ರೆಯಲ್ಲಿ ಎಲ್ಲಿ ಹೋಗುತ್ತೆ. ಮಕ್ಕಳೇ ಕಹಿಯೆಂದು ಬಿಟ್ಟಾರು. ಇಲ್ಲಿಗೆ ಬರುವ ಹೊತ್ತಿಗೆ ವಕೀಲನ ಬಾಯಿ ತಾನೇ ಕಟ್ಟಿತು. ಈ ಮಕ್ಕಳು ಬಿಡುವುದಿಲ್ಲ. ತಟ್ಟೆಯಲ್ಲಿರುವುದು ಬೆಳೆದವರ ಬೆವರು ಎಂದು ಹೇಳಿಸಿಕೊಂಡ ಮಕ್ಕಳು. ಮೂಗು ಹಿಡಿದು ನುಂಗಿ, ಖಾಲಿ ತಟ್ಟೆ ಎತ್ತಿ ತೋರಿಸುತ್ತವೆ.

"ನೀನು ರುಚಿ ನೋಡು," ಎಂದ.

"ನೀವೇ ನೋಡಿದಿರಲ್ಲ ಭಾವ. ಹೇಗಿದೆ?"

"ನನಗೆ ಗೊತ್ತಾಗಲ್ಲಮ್ಮ."

"ಪರೀಕ್ಷೆ ಮಾಡೋ ಹೊತ್ತಾ ಇದು? ನನಗೆ ಜೀವ ಹೋಗ್ತಿದೆ."

"ಪರೀಕ್ಷೆ ಅಲ್ಲ ಕಣೇ!" ಎಂದು ಸೌಟಣ್ಣ ಕೂಗಿದ. "ಜ್ವರ ಬಂದಾಗಿನಿಂದ ನನ್ನ ನಾಲಗೆ ಸತ್ತಿದೆ. ಉಪ್ಪಿಲ್ಲ, ಹುಳಿಯಿಲ್ಲ, ಏನೂ ಇಲ್ಲ. ಇಷ್ಟು ದಿನ ನೀನು ಹೇಳಿದ್ದನ್ನೇ ನಾನು ಹೇಳಿದ್ದು. ಇಷ್ಟು ದಿನ ಈ ಅಡುಗೆಮನೇಲಿ ಇದ್ದದ್ದು ಒಂದೇ ನಾಲಗೆ, ಅದು ನಿಂದು! ತಗೋ, ನೋಡು!"

ನಾದಿನಿ ಅವನನ್ನು ನೋಡಿದಳು. ತುಟಿಯ ಅಂಚಿನಲ್ಲಿ ನಗು ಬಂದು, ಹೋಗಿ, ಮತ್ತೆ ಬಂದು, ಪೂರ್ತಿ ಹೋಯಿತು. ಸೌಟು ಕಿತ್ತುಕೊಂಡು ಅಂಗೈಗೆ ಸುರಿದುಕೊಂಡು ನೆಕ್ಕಿದವಳೇ ಬಚ್ಚಲಿಗೆ ಓಡಿ ಉಗಿದಳು. ಉಗಿದು ಬಂದು ಒಂದೇ ಮಾತು ಹೇಳಿದಳು: "ಬಡಿಸಬೇಡಿ."

ಆ ಹೊತ್ತಿಗೆ ಮೊದಲ ಸಾಲು ಅಂಗಳದಲ್ಲಿ ಕುಳಿತಾಗಿತ್ತು. ಸೌಟಣ್ಣ ಆ ಉದ್ದ ಸೌಟನ್ನು ಬಾಗಿಲಿಗೆ ಅಡ್ಡ ಹಿಡಿದು ನಿಂತ. ಯಾರೂ ಒಳಗೆ ಬರುತ್ತಿರಲಿಲ್ಲ, ಆದರೂ ನಿಂತ. "ಇರಿ, ಇರಿ, ಯಾರೂ ಮುಟ್ಟಬೇಡಿ!" ಎಂದು ಅವನು ಕೂಗಿದ್ದಕ್ಕೆ, ಇನ್ನೂ ಖಾಲಿಯಿದ್ದ ತಟ್ಟೆಗಳಿಂದ ಮಕ್ಕಳು ಕೈ ಹಿಂದೆಗೆದರು. ದೊಡ್ಡ ಟೀಚರ್ ಬಂದರು. ಟ್ಯಾಂಕಿನ ನೆರಳಿನಿಂದ ಚಪ್ಪರದಜ್ಜಿ ಎದ್ದು ಬಂದಳು.

"ಏನಾಯ್ತು?" ಎಂದರು ದೊಡ್ಡ ಟೀಚರ್.

ಅವರು ಬರುವಷ್ಟರಲ್ಲಿ ಸೌಟಣ್ಣ ಸುಳ್ಳೊಂದನ್ನು ಸಿದ್ಧ ಮಾಡಿಕೊಳ್ಳಬಹುದಿತ್ತು. ಅಡಿ ಹಿಡಿಯಿತು ಎನ್ನಬಹುದಿತ್ತು, ಹಲ್ಲಿ ಬಿತ್ತು ಎನ್ನಬಹುದಿತ್ತು. ಅಡುಗೆಯವರಿಗೆ ಹಲ್ಲಿ ಎಂದೂ ಕೈಕೊಟ್ಟದ್ದಿಲ್ಲ. ಆದರೆ ಹಲ್ಲಿಯೆಂದರೆ ಮಿಕ್ಕ ಕಾಯಿಗಳು ನಾಳೆ ಪಾತ್ರೆಗೆ ಹೋಗುತ್ತವೆ, ನಾಳೆ ಮತ್ತೆ ಎಲ್ಲರೂ ಅವನ ಮುಖವನ್ನೇ ನೋಡುತ್ತಾರೆ. ಅವನು ಹೇಳಿದ. ತಡವರಿಸಿ, ಹಿಂದುಮುಂದಾಗಿ, ಜ್ವರದಿಂದ ಶುರುಮಾಡಿ ಬೆಲ್ಲದವರೆಗೆ ಎಲ್ಲ ಹೇಳಿದ.

ಮೊದಲು ಮಾತಾಡಿದ್ದು ಚಪ್ಪರದಜ್ಜಿ. "ಕಹಿ? ನನ್ನ ಚಪ್ಪರದ್ದಾ?" ಎಂದಳು. ಹೊಡೆದಾಡಲು ಬಂದವಳ ದನಿ ಅದು. ನೇರ ಒಳಗೆ ನುಗ್ಗಿ, ಸಿಪ್ಪೆಯ ಬುಟ್ಟಿ ಎಳೆದುಕೊಂಡು ನೆಲಕ್ಕೆ ಕುಳಿತಳು. ಕೊಯ್ದ ತುದಿಗಳೆಲ್ಲ ಅದರಲ್ಲೇ ಇದ್ದವು. ಒಂದೊಂದನ್ನೇ ಹೆಕ್ಕಿ ನಾಲಗೆಗಿಟ್ಟು, "ಇದು ಚೆನ್ನಾಗಿದೆ. ಇದಕ್ಕೇನಾಗಿದೆ? ಇದು ಸಕ್ಕರೆ!" ಎಂದು ಎಸೆಯುತ್ತ ಹೋದಳು. ಎಲ್ಲರೂ ಸುತ್ತ ನಿಂತಿದ್ದರು. ಇದ್ದಕ್ಕಿದ್ದ ಹಾಗೆ ಅವಳ ಕೈ ನಿಂತಿತು. ಮುಖ ಮುದುಡಿತು. ಆ ತುದಿಯನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು.

"ನಂದೇ," ಎಂದಳು, ದನಿಯಿಲ್ಲದೆ. "ಬೇಲಿ ಮೇಲೆ ಒಂದು ಕಾಡುಬಳ್ಳಿ ಇತ್ತು. ಯಾವ ಮಾಯದಲ್ಲಿ ಚಪ್ಪರ ಹತ್ತಿತೋ. ಎಲೆಗೆ ಎಲೆ ಕೂಡಿತ್ತು, ಕಣ್ಣಿಗೆ ಬೀಳಲಿಲ್ಲ." ಆಮೇಲೆ ದೊಡ್ಡ ಟೀಚರ್ ಕಡೆ ತಿರುಗಿ, "ಇನ್ನು ನನ್ನ ಕಾಯಿ ಬೇಡ ಅಂತೀರಾ, ತಾಯಿ?" ಎಂದಳು.

ದೊಡ್ಡ ಟೀಚರಿಗೆ ಕೋಪ ಬಂದಿರಲಿಲ್ಲವೆಂದಲ್ಲ. ಅವರ ಕನ್ನಡಕ ಮೂಗಿನ ತುದಿಗೆ ಇಳಿದಿತ್ತು. ಅದು ಹಾಗೆ ಇಳಿದರೆ ಮೇಷ್ಟರುಗಳೇ ತರಗತಿಯ ಒಳಗೆ ಸೇರಿಕೊಳ್ಳುತ್ತಾರೆ. "ಬೇಕೋ ಬೇಡವೋ ಆಮೇಲೆ," ಎಂದರು. "ಮಕ್ಕಳು ಹಸಿದು ಕೂತಿದ್ದಾರೆ. ಮೊದಲು ಅನ್ನದ ಜೊತೆ ಬಡಿಸೋದಕ್ಕೆ ಏನಾದರೂ ಹುಡುಕಿ. ಸೌಟಣ್ಣ, ಕೈ ಕಾಲು ಸತ್ತಿಲ್ಲ ತಾನೆ?"

"ಇಲ್ಲ ಟೀಚರ್."

"ಹಾಗಿದ್ರೆ ಓಡಿ."

ಅವನು ಓಡಿದ. ಆ ದೇಹ ಓಡಿದ್ದನ್ನು ಊರು ಅದುವರೆಗೆ ಕಂಡಿರಲಿಲ್ಲ. ಬೇಲಿಯಾಚೆಯ ಹೊಲಗಳಲ್ಲಿ ಯಾರು ಸಿಕ್ಕಿದರೋ ಅವರನ್ನು ಕೂಗಿದ. ಒಬ್ಬರು ಟೊಮೆಟೊ ತಂದರು, ಒಬ್ಬರು ಕಟ್ಟದ ಸೊಪ್ಪನ್ನು ಮಡಿಲಲ್ಲೇ ತುಂಬಿಕೊಂಡು ಬಂದರು, ಕೋಳಿ ಸಾಕಿದ ಗಂಡಹೆಂಡಿರು ಮೊಟ್ಟೆಯ ಬುಟ್ಟಿಯನ್ನು ಇಬ್ಬರ ನಡುವೆ ಹಿಡಿದು, ದಾರಿಯುದ್ದಕ್ಕೂ "ಮೆಲ್ಲಗೆ ನಡಿಯೇ", "ನೀವು ಮೆಲ್ಲಗೆ ನಡೀರಿ" ಎಂದು ಜಗಳವಾಡುತ್ತ ಬಂದರು. ಕಹಿ ಪಾತ್ರೆಯನ್ನು ಹಿತ್ತಲ ಗುಂಡಿಗೆ ಬೋರಲು ಹಾಕುವಾಗ ಚಪ್ಪರದಜ್ಜಿ ಮುಖ ಬೇರೆ ಕಡೆ ತಿರುಗಿಸಿದಳು. ಸೌಟಣ್ಣನೂ ತಿರುಗಿಸಿದ. ಹಾಗಾಗಿ ಅರ್ಧ ಅವನ ಕಾಲ ಮೇಲೇ ಬಿತ್ತು.

ಊಟ ತಡವಾಯಿತು. ಮಧ್ಯಾಹ್ನದ ಮೊದಲ ಪಾಠ ಆ ದಿನ ನಡೆಯಲೇ ಇಲ್ಲ. ಕಿರಿಯ ತರಗತಿಯಲ್ಲಿ ಒಂದು ಮಗು ಹಸಿವಿಗೆ ಅತ್ತು, ಅದನ್ನು ಕಂಡು ಇನ್ನೊಂದು ಅತ್ತು, ಆ ಅಳು ಅಡುಗೆಮನೆಯ ತಗಡಿನ ಕೆಳಗೆ ನಿಂತು ಸೊಪ್ಪು ಬಾಡಿಸುತ್ತಿದ್ದವನ ಕಿವಿಗೆ ಕಾದ ಎಣ್ಣೆಯಾಯಿತು. ಉಪ್ಪಿನ ಹೊತ್ತು ಬಂದಾಗ ಅವನು ಎಲ್ಲರ ಎದುರಿಗೇ ನಾದಿನಿಯ ಕಡೆ ಸೌಟು ಚಾಚಿ, "ನೋಡಿ ಹೇಳಮ್ಮ. ನನಗೆ ಗೊತ್ತಾಗಲ್ಲ," ಎಂದ.

ಅವಳು ನೋಡಿದಳು. ಅಭ್ಯಾಸಬಲ, ಅವನ ಮುಖದ ಕಡೆಗೇ ಕಣ್ಣು ಹೋಯಿತು. ಅಲ್ಲಿ ಏನೂ ಇರಲಿಲ್ಲ. "ಸರಿ ಇದೆ," ಎಂದಳು, ಯಾರನ್ನೂ ನೋಡದೆ.

ಕಮಿಟಿಯವರು ಸೇರಿದರು. ವ್ಯಾನಿನ ಮಾತೂ ಬಂತು, ಬರದೇ ಇರುತ್ತದೆಯೇ. ದೊಡ್ಡ ಟೀಚರ್ ಕನ್ನಡಕ ಇಳಿಸಿಕೊಂಡೇ ಹೇಳಿದರು: "ಡಬ್ಬಿಯಲ್ಲಿ ಬಂದಿದ್ದರೆ ತುದಿ ಮುಟ್ಟಿಸೋರು ಯಾರಿರ್ತಿದ್ದರು? ತಪ್ಪಾದದ್ದು ಒಬ್ಬನ ನಾಲಗೆಗೆ ಊರನ್ನೆಲ್ಲ ಕಟ್ಟಿಹಾಕಿದ್ದು. ಅದರಲ್ಲಿ ನನ್ನದೂ ಪಾಲಿದೆ." ಮಕ್ಕಳ ಈ ವರ್ಷದ ಪರೀಕ್ಷೆ ಮುಗಿಯುವವರೆಗೆ ನೋಡೋಣ ಎಂದು ಕಮಿಟಿ ಎದ್ದಿತು. ನೋಡೋಣ ಎಂದರೆ ಬೇಡ ಎಂದೂ ಅಲ್ಲ, ಸರಿ ಎಂದೂ ಅಲ್ಲ. ಸೌಟಣ್ಣನ ಮಂಚದ ಕಾಲು ಇನ್ನೂ ಸಡಿಲವಾಗಿಯೇ ಇದೆ.

ಆದರೆ ತುದಿ ಮುಟ್ಟಿಸುವ ಕ್ರಮ ಬದಲಾಯಿತು. ಈಗ ಮುಟ್ಟಿಸುವವರು ಮೂವರು: ನಾದಿನಿ, ಕಾಯಿ ತಂದವರು, ಒಬ್ಬರು ಟೀಚರ್. ಮೂವರೂ ಗೋಡೆಗೆ ಮುಖಮಾಡಿ ನಿಲ್ಲಬೇಕು. ಒಬ್ಬರ ಮುಖ ಒಬ್ಬರಿಗೆ ಕಾಣಬಾರದು. ಕಹಿಯೆನಿಸಿದರೆ ಮಾತಿಲ್ಲದೆ ಕೈ ಎತ್ತಬೇಕು. ದಾರಿಯಲ್ಲಿ ಹೋಗುವವರು ಇಣುಕಿ ನೋಡಿ, ದೊಡ್ಡ ಟೀಚರ್ ಈಗ ದೊಡ್ಡವರನ್ನೂ ಗೋಡೆಗೆ ನಿಲ್ಲಿಸ್ತಿದ್ದಾರೆ, ಏನು ತಪ್ಪು ಮಾಡಿದರೋ ಎಂದು ನಗುತ್ತಾರೆ.

ಮುಂದಿನ ಸೋರೆಕಾಯಿ ವಾರ ಚಪ್ಪರದಜ್ಜಿ ಮತ್ತೆ ಬಂದಳು. ಕಾಡುಬಳ್ಳಿಯನ್ನು ಬೇರುಸಹಿತ ಕಿತ್ತು, ಸಾಕ್ಷಿಗೆಂದು ಒಣಗಿಸಿ ಹೆಗಲಿಗೆ ಸುತ್ತಿಕೊಂಡೇ ಬಂದಿದ್ದಳು. ಮೂವರು ಗೋಡೆಗೆ ತಿರುಗಿದರು. ಹಿಂದೆ ನಿಂತವನು ಸೌಟಣ್ಣ ಒಬ್ಬನೇ. ಮೂರು ಬೆನ್ನುಗಳನ್ನು ನೋಡುತ್ತ, ಯಾರ ಕೈ ಎದ್ದೀತೋ ಎಂದು ಉಸಿರು ಬಿಗಿಹಿಡಿದು ನಿಂತಾಗ, ಇಷ್ಟು ವರ್ಷ ತನ್ನ ಮುಚ್ಚಿದ ಕಣ್ಣಿನ ಮುಂದೆ ಸಾಲುಗಟ್ಟಿ ನಿಂತವರಿಗೆ ಹೇಗಾಗುತ್ತಿತ್ತು ಎಂಬುದು ಅವನ ಹೊಟ್ಟೆಗೆ ಗೊತ್ತಾಯಿತು. ಕೈ ಏಳಲಿಲ್ಲ. ಮುಂದಿನ ಕಾಯಿಗೂ ಏಳಲಿಲ್ಲ. ಕೊನೆಯದಕ್ಕೆ ಚಪ್ಪರದಜ್ಜಿಯ ಕೈ ಅರ್ಧ ಎದ್ದಿತು.  ಅಜ್ಜಿ ಕಿವಿ ಕೆರೆದುಕೊಂಡು ಕೈ ಇಳಿಸಿದಳು.

"ಕೆರೆತ ಬಂದರೂ ತಡ್ಕೋಬೇಕು ಅಜ್ಜಿ!" ಎಂದ ಸೌಟಣ್ಣ, ಕುಸಿದು ಕುಳಿತು.

ಅವಳು ತಿರುಗಿ ಬಂದು, ಉಳಿದ ತುದಿಯೊಂದನ್ನು ಅವನ ಕೈಗಿಟ್ಟಳು. "ತಗೋ ಮಗಾ. ನೀನೂ ಒಂದು ಸಲ ಬಾಯಿಗಿಡು. ಲೆಕ್ಕಕ್ಕಿಲ್ಲ, ಸುಮ್ಮನೆ."

ಸೌಟಣ್ಣ ನಾಲಗೆಗಿಟ್ಟ. ಈ ಸಲ ಕಣ್ಣು ಮುಚ್ಚಲಿಲ್ಲ. ಎಲ್ಲರೂ ಅವನನ್ನೇ ನೋಡುತ್ತಿದ್ದರು, ನಾದಿನಿಯೂ.

"ತಣ್ಣಗಿದೆ," ಎಂದ.